ಅವ್ವನ ಪದ, ಗುರ್ ಎನ್ನುವ ಎಸ್‌ಎಂಪಿಎಸ್

ಈ ಏಪ್ರಿಲ್‌ನಲ್ಲಿ ಅವ್ವನ ಬೀಸುಕಲ್ಲಿನ ಪದಗಳನ್ನು ಮನೆಯ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಲು ಕೂತೆ. ಅವ್ವನ ತವರು ಅಣ್ಣಿಗೇರಿ ಕಡೆ. ನಸುಕಿನಲ್ಲಿ ಎದ್ದು ಜೋಳ ಬೀಸುವಾಗ ಅವಳ ಅವ್ವ, ದೊಡ್ಡವ್ವ ಹಾಡುತ್ತಿದ್ದ ಪದಗಳು ಅವಳ ಬಾಯಲ್ಲಿ ಇನ್ನೂ ಇವೆ. ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅದಕ್ಕೇ ಈ ಕೆಲಸ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಾಡಿಗಳ ಓಡಾಟ ನಿಲ್ಲೋದೇ ರಾತ್ರಿ ಹತ್ತರ ಮೇಲೆ. ಆಮೇಲೆ ಕಿಟಕಿ ಹಾಕಿ, ಫ್ಯಾನ್ ಬಂದ್ ಮಾಡಿ, ಸೆಕೆ ತಡೆದುಕೊಂಡು ಇಬ್ಬರೂ ಕೂರುತ್ತಿದ್ದೆವು.

ಮೊದಲ ದಿನದ್ದನ್ನು ಹೆಡ್‌ಫೋನ್ ಹಾಕಿ ಕೇಳಿದಾಗಲೇ ಗೊತ್ತಾಯಿತು. ಅವ್ವನ ದನಿಯ ಹಿಂದೆ ಒಂದೇ ಸಮ ಗುರ್ ಅನ್ನುವ ಸದ್ದು. ಒಂದು ನುಡಿ ಮುಗಿಸಿ ಅವಳು ಉಸಿರು ಎಳೆದುಕೊಳ್ಳುವ ಕಡೆ ಬರೀ ಅದೇ ಕೇಳುತ್ತಿತ್ತು. ಅವ್ವನಿಗೂ ಅದು ಕಿವಿಗೆ ಬಿದ್ದಿತ್ತು. "ತಮ್ಮಾ, ಆ ಡಬ್ಬಿ ಯಾಕ ಹಂಗ ಗುರುಗುಡತೈತಿ? ಅದರಾಗೂ ಬೀಸೂಕಲ್ಲ ಐತೇನು?" ಅಂದಳು.

ಸದ್ದು ಎಲ್ಲಿಂದ ಅಂತ ಹುಡುಕಲು ಪೇಪರ್ ಸುರುಳಿ ಸುತ್ತಿ ಒಂದು ತುದಿ ಕಿವಿಗೆ ಇಟ್ಟುಕೊಂಡೆ. ಇನ್ನೊಂದು ತುದಿಯನ್ನು ಸಿಪಿಯು ಡಬ್ಬಿಯ ಸುತ್ತ ಆಡಿಸಿದೆ. ಪ್ರೊಸೆಸರ್ ಫ್ಯಾನ್ ಸದ್ದು ಬೇರೆ, ಗ್ರಾಫಿಕ್ಸ್ ಕಾರ್ಡಿನದು ಆಗ ತಿರುಗುತ್ತಲೇ ಇರಲಿಲ್ಲ. ಹಿಂಭಾಗಕ್ಕೆ, ಕರೆಂಟ್ ವೈರ್ ಸಿಕ್ಕಿಸುವ ಜಾಗಕ್ಕೆ ಹೋದಾಗ ಸದ್ದು ನೇರ ಕಿವಿಗೇ ಬಂತು. ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಇಳಿಸಿ ಕೊಡುವ ಡಬ್ಬಿ, ಅಂಗಡಿಯವರು ಕ್ಯಾಬಿನೆಟ್ ಜೊತೆಗೇ ಹಾಕಿ ಕೊಟ್ಟಿದ್ದು. ನಾಲ್ಕು ವರ್ಷದಲ್ಲಿ ನಾನು ಅದರ ಹೆಸರನ್ನೂ ಓದಿರಲಿಲ್ಲ.

ಅದನ್ನು ಬದಲಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅದೇ ಹೋಯಿತು. ನಾಲ್ಕನೇ ದಿನ ಸಂಜೆ ಅಡ್ಡಮಳೆ ಬಂತು. ಗಾಳಿ, ಗುಡುಗು, ಕರೆಂಟ್ ಎರಡು ಸಲ ಹೋಗಿ ಬಂತು. ಮಳೆ ನಿಂತು ಮನೆ ತಂಪಾಗಿತ್ತು, ಅವ್ವನೂ ಹುರುಪಿನಲ್ಲಿದ್ದಳು, ಒಂದು ದೊಡ್ಡ ಪದ ಎತ್ತಿಕೊಂಡು ಆರನೇ ನುಡಿಗೆ ಬಂದಿದ್ದಳು. ಟಪ್ ಅಂತ ಸದ್ದಾಯಿತು. ಪರದೆ ಕಪ್ಪಾಯಿತು. ಸುಟ್ಟ ಮೀನಿನ ಹಾಗೆ ವಾಸನೆ ಕೋಣೆ ತುಂಬಾ ಹರಡಿತು.

ಮರುದಿನ ಬಿಚ್ಚಿಕೊಂಡು ದುರ್ಗದ ಬೈಲ್ ಹತ್ತಿರ ರಿಪೇರಿ ಮಾಡುವವರೊಬ್ಬರ ಬಳಿ ಒಯ್ದೆ. ಇದನ್ನು ಮನೆಯಲ್ಲಿ ನೀವೇ ತೆರೆಯಬೇಡಿ, ದಯವಿಟ್ಟು. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ತುಂಬಿಟ್ಟುಕೊಳ್ಳುವ ದೊಡ್ಡ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಕೂತಿರಬಹುದು. ಅವರು ಮೊದಲು ಅದನ್ನು ಇಳಿಸಿ, ಆಮೇಲೆ ಬೋರ್ಡ್ ತೋರಿಸಿದರು. ಎರಡು ಕೆಪ್ಯಾಸಿಟರ್‌ಗಳ ತಲೆ ಉಬ್ಬಿ, ಮೇಲೆ ಕಂದು ಬಣ್ಣದ ಅಂಟು ಬಂದಿತ್ತು. ನನಗೆ ಹೆಚ್ಚು ಬೇಸರ ಆಗಿದ್ದು ಅದನ್ನು ನೋಡಿ ಅಲ್ಲ. ಕರೆಂಟ್ ಒಳಗೆ ಬರುವ ಕಡೆ ಬೋರ್ಡ್ ಮೇಲೆ ಕಾಯಿಲ್ ಕೂರಿಸಲು ಜಾಗ ಗುರುತು ಮಾಡಿತ್ತು, ತೂತೂ ಇದ್ದವು. ಕಾಯಿಲ್ ಇರಲಿಲ್ಲ. ಅದರ ಬದಲು ಎರಡು ತುಂಡು ತಂತಿ ಬೆಸುಗೆ ಹಾಕಿದ್ದರು. ಹೊರಗಿನ ಏರುಪೇರನ್ನು ಸೋಸಬೇಕಾದ ಭಾಗವನ್ನೇ ಬಿಟ್ಟು, ತಂತಿಯಲ್ಲಿ ದಾಟಿಸಿ, ಮಾರಿದ್ದರು. "ಸರ, ಇದನ್ನ ರಿಪೇರಿ ಮಾಡಿ ಕೊಡಬಹುದ್ರಿ. ಆದ್ರ ನಿಮ್ಮ ಮದರ್‌ಬೋರ್ಡ್ ಇದರ ಮ್ಯಾಲೆ ನಡೀತೈತಿ, ನೋಡ್ರಿ" ಅಂದರು ಆ ಹಿರಿಯರು. ಅಷ್ಟು ಸಾಕಾಯಿತು.

ಮುಂದಿನ ಎರಡು ವಾರ ನಾನು ಸಂಜೆಯೆಲ್ಲ ಇದನ್ನೇ ಓದಿದೆ. ಮೊದಲು ಅಂದುಕೊಂಡಿದ್ದು ಶಬ್ದ ಮಾಡದ್ದು ಒಂದು, ಬಾಳಿಕೆ ಬರುವುದು ಇನ್ನೊಂದು, ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಬೇಕು ಅಂತ. ಹಾಗಲ್ಲ. ಎರಡಕ್ಕೂ ಬೇರು ಒಂದೇ, ಕಾವು. ಕಡಿಮೆ ಬಿಸಿಯಾಗುವ ಎಸ್‌ಎಂಪಿಎಸ್‌ಗೆ ಫ್ಯಾನ್ ಜೋರಾಗಿ ತಿರುಗಬೇಕಿಲ್ಲ, ಅದಕ್ಕೇ ಸದ್ದಿಲ್ಲ. ಒಳಗಿನ ಕೆಪ್ಯಾಸಿಟರ್ ಬೇಗ ಒಣಗುವುದಿಲ್ಲ, ಅದಕ್ಕೇ ಬಾಳಿಕೆ. ಕೆಪ್ಯಾಸಿಟರ್ ಬಗ್ಗೆ ಎಂಜಿನಿಯರುಗಳು ಹೇಳುವ ಅಂದಾಜು ಲೆಕ್ಕ ಒಂದಿದೆ: ಬಿಸಿ 10 ಡಿಗ್ರಿ ಇಳಿದರೆ ಆಯುಷ್ಯ ಹತ್ತಿರ ಹತ್ತಿರ ಎರಡು ಪಟ್ಟು. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ 105 ಡಿಗ್ರಿ ಅಂತ ಬರೆದ ಕೆಪ್ಯಾಸಿಟರ್ ಹಾಕುತ್ತಾರೆ, ಅಗ್ಗದವುಗಳಲ್ಲಿ 85 ಡಿಗ್ರಿಯವು ಸಿಗುತ್ತವೆ. ಮೇ ತಿಂಗಳಲ್ಲಿ ಹುಬ್ಬಳ್ಳಿಯ ಹೊರಗಿನ ಗಾಳಿಯೇ 38 ಡಿಗ್ರಿ ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಕಾವಿನ ಲೆಕ್ಕ ಸುಲಭ ಇದೆ. ನಿಮ್ಮ ಕಂಪ್ಯೂಟರ್‌ಗೆ 200 ವ್ಯಾಟ್ ಬೇಕು ಅಂದುಕೊಳ್ಳಿ. ಎಸ್‌ಎಂಪಿಎಸ್‌ನ ದಕ್ಷತೆ ಶೇಕಡಾ 70 ಆದರೆ ಅದು ಗೋಡೆಯಿಂದ 286 ವ್ಯಾಟ್ ಎಳೆಯುತ್ತದೆ, ಉಳಿದ 86 ವ್ಯಾಟ್ ಆ ಡಬ್ಬಿಯ ಒಳಗೇ ಬಿಸಿಯಾಗುತ್ತದೆ. ಅದೇ ಶೇಕಡಾ 90 ಆದರೆ ಎಳೆಯುವುದು 222, ಬಿಸಿ ಬರೀ 22. ಹಳೆಯ ಕಾಲದ ಒಂದು ಬಲ್ಬ್ ಉರಿಯುವಷ್ಟು ಬಿಸಿಯನ್ನು ಫ್ಯಾನ್ ಹೊರಗೆ ತಳ್ಳಬೇಕೋ, ಅದರ ಕಾಲು ಭಾಗ ತಳ್ಳಬೇಕೋ ಅನ್ನುವುದರ ಮೇಲೆ ಗುರ್ ಅನ್ನೋದು ನಿಂತಿದೆ.

ಬಾಕ್ಸ್ ಮೇಲಿನ 80 ಪ್ಲಸ್ ಚಿಹ್ನೆ ಹೇಳುವುದು ಇದನ್ನೇ. ಬ್ರಾಂಜ್ ಅಂದರೆ ಅರ್ಧ ಲೋಡ್‌ನಲ್ಲಿ, ಅಂದರೆ ಬರೆದ ವ್ಯಾಟ್‌ನ ಅರ್ಧ ಎಳೆಯುವಾಗ, ಶೇಕಡಾ 85, ಗೋಲ್ಡ್ ಅಂದರೆ 90. ಇದು 115 ವೋಲ್ಟ್ ಲೆಕ್ಕ, ನಮ್ಮ 230 ವೋಲ್ಟ್‌ನಲ್ಲಿ ಒಂದೆರಡು ಅಂಶ ಜಾಸ್ತಿಯೇ ಸಿಗುತ್ತದೆ. ಆದರೆ ಒಂದು ಮಾತು. 80 ಪ್ಲಸ್ ದಕ್ಷತೆಯನ್ನು ಮಾತ್ರ ಅಳೆಯುತ್ತದೆ. ಸದ್ದು ಅಳೆಯುವುದಿಲ್ಲ, ಬಾಳಿಕೆಯನ್ನೂ ಅಳೆಯುವುದಿಲ್ಲ. ಪರೀಕ್ಷೆ ನಡೆಯುವುದೂ 23 ಡಿಗ್ರಿಯ ಕೋಣೆಯಲ್ಲಿ. ಸದ್ದಿಗೆ ಬೇರೆಯೇ ಸರ್ಟಿಫಿಕೇಟ್ ಇದೆ, ಸೈಪ್ರಸ್‌ನ ಸೈಬೆನೆಟಿಕ್ಸ್ ಅನ್ನುವ ಲ್ಯಾಬ್ ಕೊಡುವ ಲ್ಯಾಂಬ್ಡಾ ದರ್ಜೆ. ಅದರಲ್ಲಿ ಎ ಪ್ಲಸ್ ಪ್ಲಸ್ ಅಂದರೆ ಸರಾಸರಿ 15 ಡೆಸಿಬಲ್‌ಗಿಂತ ಕಡಿಮೆ, ಎ ಪ್ಲಸ್ ಅಂದರೆ 15ರಿಂದ 20, ಎ ಅಂದರೆ 20ರಿಂದ 25. ಅವರ ಸೈಟ್‌ನಲ್ಲಿ ಮಾದರಿಯ ಹೆಸರು ಹಾಕಿ ಹುಡುಕಿದರೆ ಪೂರಾ ವರದಿ ಉಚಿತವಾಗಿ ಸಿಗುತ್ತದೆ. ನನ್ನ ಹಾಗೆ ಮೈಕ್ ಇಟ್ಟುಕೊಂಡು ಕೂರುವವರು ಮೊದಲು ನೋಡಬೇಕಾದ್ದು ಇದು.

ಈಗ ವ್ಯಾಟ್ ವಿಷಯ. ಕೊಪ್ಪಿಕರ್ ರಸ್ತೆಯ ಸುತ್ತಮುತ್ತ ನಾಲ್ಕು ಅಂಗಡಿ ತಿರುಗಿದೆ. ಎಲ್ಲಾ ಕಡೆ ಮೊದಲ ಪ್ರಶ್ನೆ ಒಂದೇ, "ಎಷ್ಟು ವ್ಯಾಟ್ ಬೇಕ್ರಿ?" ನಾನು ಒಂದು ಅಂಗಡಿಯಲ್ಲಿ ಸುಟ್ಟ ನನ್ನ ಹಳೆಯದನ್ನೇ ಕೌಂಟರ್ ಮೇಲೆ ಇಟ್ಟೆ. ಪಕ್ಕದಲ್ಲಿ ಅವರ ಬಳಿ ಇದ್ದ ಒಂದು 550 ವ್ಯಾಟ್ ಗೋಲ್ಡ್ ಮಾದರಿ ಇಡಿಸಿದೆ. ಎತ್ತಿದಾಗಲೇ ವ್ಯತ್ಯಾಸ ಕೈಗೆ ಬರುತ್ತದೆ. ಹಳೆಯದು ಖಾಲಿ ತಗಡಿನ ಡಬ್ಬಿಯಷ್ಟು ಹಗುರ. ತೂಕ ಒಂದೇ ನಂಬಿ ಕೊಳ್ಳಬಾರದು ನಿಜ, ಆದರೆ ಒಳಗೆ ಕಾಯಿಲ್, ಕಾವು ಹೀರುವ ಹೀಟ್‌ಸಿಂಕ್ ಇದೆಯೋ ಇಲ್ಲವೋ ಅಂತ ಕೈ ಸುಳ್ಳು ಹೇಳುವುದಿಲ್ಲ. ಆಮೇಲೆ ಎರಡರ ಲೇಬಲ್ ಓದಿದೆ. ಹಳೆಯದರ ಮೇಲೆ ದೊಡ್ಡ ಅಕ್ಷರದಲ್ಲಿ 450 ಅಂತ ಇತ್ತು. ಕೆಳಗೆ ಸಣ್ಣ ಚೌಕದಲ್ಲಿ 12 ವೋಲ್ಟ್ ಎದುರು 16 ಆಂಪಿಯರ್. ಗುಣಿಸಿದರೆ 192 ವ್ಯಾಟ್. ಈಗಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹಸಿವು ತೀರಿಸಿಕೊಳ್ಳುವುದು ಆ 12 ವೋಲ್ಟ್ ಸಾಲಿನಿಂದಲೇ. 5 ವೋಲ್ಟ್, 3.3 ವೋಲ್ಟ್ ಸಾಲುಗಳಲ್ಲಿ ಎಷ್ಟು ಬರೆದರೂ ನಮಗೆ ಅದರಿಂದ ಹೆಚ್ಚೇನೂ ಆಗಬೇಕಿಲ್ಲ. ಅಂದರೆ ನಾಲ್ಕು ವರ್ಷ ನನ್ನ ಬಳಿ ಇದ್ದದ್ದು ನಿಜದಲ್ಲಿ 192 ವ್ಯಾಟಿನ ಡಬ್ಬಿ. ಗೋಲ್ಡ್ ಮಾದರಿಯ ಮೇಲೆ 12 ವೋಲ್ಟ್ ಎದುರು 45 ಆಂಪಿಯರ್ ಇತ್ತು. 540 ವ್ಯಾಟ್. ಬಾಕ್ಸ್ ಮೇಲೆ 550 ಅಂದಿದ್ದು ಹೆಚ್ಚು ಕಡಿಮೆ ಪೂರ್ತಿ ಅಲ್ಲಿದೆ, ಅಲ್ವಾ. ಅಂಗಡಿಯ ಹುಡುಗನೂ ಬಗ್ಗಿ ಓದಿದ. ಇನ್ನು ಮುಂದೆ ಗಿರಾಕಿಗಳಿಗೆ ಈ ಸಾಲು ತೋರಿಸ್ತೀನಿ ಅಂದ.

ನಮ್ಮದರಲ್ಲಿ ಇರುವುದು ಇಂಟೆಲ್ ಐ5 12400 ಪ್ರೊಸೆಸರ್, ಮತ್ತು ಮಗ ಹಾಕಿಸಿಕೊಂಡ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಜೋರು ಮಾಡಿದಾಗ 117 ವ್ಯಾಟ್‌ವರೆಗೆ ಹೋಗುತ್ತದೆ, ಕಾರ್ಡ್ 170 ವ್ಯಾಟ್. ಬೋರ್ಡ್, ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್, ಫ್ಯಾನ್ ಎಲ್ಲಾ ಸೇರಿ ಇನ್ನೊಂದು 50 ಹಿಡಿಯಿರಿ. 340ರ ಸುಮಾರು. ಕಾರ್ಡಿನ ಕಂಪನಿ ಎನ್‌ವಿಡಿಯಾ ಅದಕ್ಕೆ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ಅಷ್ಟು ಸಾಕು. ಒಬ್ಬರು ಸುಮ್ನೆ 850 ತಗೊಳ್ಳಿ ಅಂದರು, ನಾನು ಒಪ್ಪಲಿಲ್ಲ. ಅದೇ ದುಡ್ಡಿನಲ್ಲಿ ಸಾಧಾರಣ 850ಕ್ಕಿಂತ ಒಳ್ಳೆಯ 550 ಮೇಲು. ಹಾಗಂತ ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ 750 ತೆಗೆದುಕೊಂಡು ಎಟಿಎಕ್ಸ್ 3.1 (ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ಇಂಟೆಲ್‌ನ ನಿಯಮ) ಇರುವುದನ್ನು ನೋಡಿ. ಈಗಿನ ದೊಡ್ಡ ಕಾರ್ಡ್‌ಗಳು ಕಣ್ಣು ಮಿಟುಕಿಸುವುದರಲ್ಲಿ ತಮ್ಮ ಲೆಕ್ಕದ ಎರಡು ಪಟ್ಟು ಎಳೆದು ಬಿಡುತ್ತವೆ. ಅದನ್ನು ತಡೆದುಕೊಳ್ಳಬೇಕು ಅಂತ ಎಟಿಎಕ್ಸ್ 3.0ಯಿಂದ ನಿಯಮದಲ್ಲೇ ಬರೆದಿದ್ದಾರೆ.

ಫ್ಯಾನ್ ಬಗ್ಗೆ. 120 ಮಿಲಿಮೀಟರ್ ಅಥವಾ 135, 140ರ ಫ್ಯಾನ್ ಇರಲಿ. ಫ್ಯಾನ್ ದೊಡ್ಡದಾದಷ್ಟೂ ನಿಧಾನ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ. ಬೇರಿಂಗ್ ಯಾವುದು ಅಂತ ಕೇಳಿ. ಸ್ಲೀವ್ ಬೇರಿಂಗ್ ಹೊಸದರಲ್ಲಿ ಸದ್ದು ಮಾಡಲ್ಲ, ಬಿಸಿಗೆ ಎಣ್ಣೆ ಒಣಗಿದ ಮೇಲೆ ಕಿರುಗುಡುತ್ತದೆ. ನನ್ನದಕ್ಕೆ ಆಗಿದ್ದು ಅದೇ. ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಸದ್ದಿನಲ್ಲೂ ಬಾಳಿಕೆಯಲ್ಲೂ ವಾಸಿ. ಕೆಲವು ಮಾದರಿಗಳಲ್ಲಿ ಕಡಿಮೆ ಲೋಡ್ ಇದ್ದಾಗ ಫ್ಯಾನ್ ಪೂರ್ತಿ ನಿಂತೇ ಬಿಡುತ್ತದೆ. ಚಳಿ ದೇಶದವರಿಗೆ ಅದು ಸರಿ. ನಮ್ಮ ಬೇಸಿಗೆಯಲ್ಲಿ ದಿನವಿಡೀ ಗಾಳಿಯಿಲ್ಲದೆ ಒಳಗೆ ಬೇಯಿಸುವುದು ನನಗೆ ಇಷ್ಟವಿಲ್ಲ. ನಾನು ಕೊನೆಗೆ ಕೊಂಡ ಸೀಸಾನಿಕ್ ಫೋಕಸ್ ಜಿಎಕ್ಸ್ 550ರಲ್ಲಿ ಹಿಂದೆ ಒಂದು ಬಟನ್ ಇದೆ. ಒತ್ತಿದರೆ ಕಡಿಮೆ ಲೋಡ್‌ನಲ್ಲಿ ಫ್ಯಾನ್ ನಿಲ್ಲುತ್ತದೆ, ಬಿಟ್ಟರೆ ಸದಾ ಮೆಲ್ಲಗೆ ತಿರುಗುತ್ತದೆ. ರೆಕಾರ್ಡ್ ಮಾಡುವ ಒಂದು ತಾಸು ಒತ್ತುತ್ತೇನೆ, ಉಳಿದಂತೆ ತಿರುಗಲಿ ಬಿಡುತ್ತೇನೆ.

ಫ್ಯಾನ್ ಅಲ್ಲದ ಇನ್ನೊಂದು ಸದ್ದು ಇದೆ. ಕಾಯಿಲ್ ವೈನ್ ಅಂತಾರೆ, ಸೊಳ್ಳೆ ಕಿವಿ ಹತ್ತಿರ ಬಂದ ಹಾಗೆ ಸಣ್ಣಗೆ ಕೀಂ ಅನ್ನುತ್ತದೆ. ಒಂದೇ ಮಾದರಿಯ ಒಂದು ಪೀಸ್‌ನಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರಲ್ಲ. ತಂದ ದಿನವೇ ರಾತ್ರಿ, ಎಲ್ಲಾ ಸುಮ್ಮನಾದ ಮೇಲೆ ಕಿವಿಯಿಟ್ಟು ಕೇಳಿ. ಇದ್ದರೆ ಬದಲಿಸಿ ಕೊಡುವ ದಿನಗಳ ಒಳಗೇ ಬದಲಿಸಿಕೊಳ್ಳಿ.

ಇನ್ನು ನಮ್ಮ ಊರಿನ ಕರೆಂಟ್ ಮಾತು. ಮಲ್ಟಿಮೀಟರ್ ಹಿಡಿದು ನೋಡಿದರೆ ನಮ್ಮ ಮನೆಯಲ್ಲಿ ಸಂಜೆ ಕೆಲವೊಮ್ಮೆ 190ಕ್ಕೆ ಇಳಿಯುತ್ತದೆ, ನಡುರಾತ್ರಿ 245 ದಾಟುತ್ತದೆ. ಲೇಬಲ್ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಅಂತ ಇದ್ದರೆ ಇಳಿಯುವುದಕ್ಕೆ ಹೆದರಬೇಕಿಲ್ಲ. ಕೆಲವು ಅಗ್ಗದ ಮಾದರಿಗಳ ಮೇಲೆ ಬರೀ 200ರಿಂದ 240 ಅಂತ ಇರುತ್ತದೆ, ಅಂಥವನ್ನು ಕೊಳ್ಳಬೇಡಿ. ಹಿಂದೆ 115, 230 ಅಂತ ಕೆಂಪು ಸ್ವಿಚ್ ಇರುವ ಹಳೆಯ ಡಬ್ಬಿ ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಅದರ ಮೇಲೆ ಟೇಪ್ ಹಚ್ಚಿ. ನಮ್ಮಲ್ಲಿ ಅದನ್ನು 115ಕ್ಕೆ ತಳ್ಳಿ ಆನ್ ಮಾಡಿದರೆ ಕೆಪ್ಯಾಸಿಟರ್ ಸಿಡಿಯುತ್ತದೆ.

ನನಗೆ ವರ್ಷಗಟ್ಟಲೆ ಅರ್ಥವಾಗದೇ ಇದ್ದ ಒಂದು ವಿಷಯ ಈ ಓದಿನಲ್ಲಿ ಬಿಡಿಸಿಕೊಂಡಿತು. ಯುಪಿಎಸ್ ಇದ್ದರೂ ಕರೆಂಟ್ ಹೋದಾಗ ಕಂಪ್ಯೂಟರ್ ಯಾಕೆ ರೀಸ್ಟಾರ್ಟ್ ಆಗುತ್ತಿತ್ತು? ನಾನು ಯುಪಿಎಸ್ ಬ್ಯಾಟರಿ ಎರಡು ಸಲ ಬದಲಿಸಿದ್ದೆ. ವಿಷಯ ಏನೆಂದರೆ, ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಹೊರಳಲು ಹತ್ತು ಮಿಲಿಸೆಕೆಂಡ್ ಹತ್ತಿರ ಸಮಯ ತೆಗೆದುಕೊಳ್ಳಬಹುದು. ಆ ಹೊತ್ತು ಕಂಪ್ಯೂಟರನ್ನು ಹಿಡಿದು ನಿಲ್ಲಿಸುವುದು ಎಸ್‌ಎಂಪಿಎಸ್‌ನ ಆ ದೊಡ್ಡ ಕೆಪ್ಯಾಸಿಟರ್. ಇಂಟೆಲ್‌ನ ಎಟಿಎಕ್ಸ್ ನಿಯಮದಂತೆ ಅದು 16, 17 ಮಿಲಿಸೆಕೆಂಡ್ ತಡೆಯಬೇಕು. ದುಡ್ಡು ಉಳಿಸಲು ಸಣ್ಣ ಕೆಪ್ಯಾಸಿಟರ್ ಹಾಕಿದ ಡಬ್ಬಿ ಅಷ್ಟು ತಡೆಯುವುದಿಲ್ಲ. ತಪ್ಪು ಯುಪಿಎಸ್‌ನದ್ದಾಗಿರಲಿಲ್ಲ. ಹೊಸದು ಹಾಕಿದ ಮೇಲೆ ಅದೇ ಯುಪಿಎಸ್, ಅದೇ ಬ್ಯಾಟರಿ, ಒಂದು ಸಲವೂ ರೀಸ್ಟಾರ್ಟ್ ಆಗಿಲ್ಲ. ಮನೆಯ ಇನ್ವರ್ಟರ್ ಮೇಲೆ ಓಡಿಸುವವರು ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇದೆಯಾ ನೋಡಿ. 600 ವಿಎ ಅಂತ ಬರೆದ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ ಅನ್ನೋದೂ ನೆನಪಿರಲಿ. ಸಿಡಿಲು ಬಡಿಯುವ ಸಂಜೆ ಮಾತ್ರ ಯಾವುದನ್ನೂ ನಂಬದೆ ಪ್ಲಗ್ ಕಿತ್ತು ಬಿಡಿ, ಜೊತೆಗೆ ಇಂಟರ್‌ನೆಟ್ ವೈರ್ ಕೂಡ.

ಹೊಸ ಎಸ್‌ಎಂಪಿಎಸ್ ಹಾಕಿದ ರಾತ್ರಿ ಗುರ್ ಹೋಗಿತ್ತು. ಆದರೆ ಅದರ ಅಡಿಯಲ್ಲಿ ಅಡಗಿದ್ದ ಇನ್ನೊಂದು ಸದ್ದು ಈಗ ಮೇಲೆ ಬಂತು. ದುಂಬಿ ಡಬ್ಬಿಯಲ್ಲಿ ಕೂತ ಹಾಗೆ ಗುಂಯ್ ಅನ್ನುವ ಸದ್ದು. ಅವ್ವ ಮೈಕ್ ಹಿಡಿದಾಗ ಒಂಥರಾ, ಬಿಟ್ಟಾಗ ಒಂಥರಾ. ಕ್ಯಾಬಿನೆಟ್ ತಗಡಿಗೆ ಬೆರಳ ಹಿಂಬದಿ ಸವರಿದರೆ ಜುಮ್ ಅನ್ನುತ್ತಿತ್ತು. ಮೊದಲಿಂದಲೂ ಹಾಗೇ ಇತ್ತು, ಹಳೇ ಮನೆ ಅಂತ ಬಿಟ್ಟಿದ್ದೆವು. ಅದು ಅರ್ಥಿಂಗ್ ಸರಿ ಇಲ್ಲದ್ದರ ಗುರುತು. ಎಸ್‌ಎಂಪಿಎಸ್ ಬಾಗಿಲಲ್ಲಿ ಏರುಪೇರು ಸೋಸುವ ಸಣ್ಣ ಕೆಪ್ಯಾಸಿಟರ್‌ಗಳು ಅರ್ಥ್ ವೈರ್‌ಗೆ ಕಟ್ಟಿರುತ್ತವೆ. ನೆಲಕ್ಕೆ ಹೋಗುವ ದಾರಿ ಇಲ್ಲದಿದ್ದರೆ ಡಬ್ಬಿಯ ಮೈ ಅರ್ಧ ವೋಲ್ಟೇಜ್‌ನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಅದಕ್ಕೆ ಬರೀ ಜುಮ್. ಎಷ್ಟು ಒಳ್ಳೆಯ ಎಸ್‌ಎಂಪಿಎಸ್ ತಂದರೂ ಇದನ್ನು ಅದು ಸರಿ ಮಾಡಲಾರದು.

ಪರಿಚಯದ ವೈರ್‌ಮನ್ ಒಬ್ಬರನ್ನು ಕರೆಸಿದೆ. ಅವರು ಫೇಸ್‌ಗೂ ಅರ್ಥ್‌ಗೂ ನಡುವೆ ಮೀಟರ್ ಇಟ್ಟರು. 230ರ ಹತ್ತಿರ ಬರಬೇಕಿತ್ತು, 140 ತೋರಿಸಿತು. ಹಿತ್ತಲಲ್ಲಿ ಅರ್ಥಿಂಗ್ ಪೈಪ್ ಇತ್ತು, ಆದರೆ ಸುತ್ತಲಿನ ಎರೆಮಣ್ಣು ಬೇಸಿಗೆಗೆ ಬಿರಿದು ಬೆರಳು ಹೋಗುವಷ್ಟು ಸೀಳು ಬಿಟ್ಟಿತ್ತು. ಎರೆಮಣ್ಣು ಹಸಿ ಇದ್ದಾಗ ಅರ್ಥಿಂಗ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಣಗಿದರೆ ಪೈಪನ್ನೇ ಬಿಟ್ಟು ದೂರ ಸರಿಯುತ್ತದೆ. ಹೊಸ ಗುಂಡಿ ತೋಡಿಸಿ, ಪೈಪ್ ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟರು. ಅವತ್ತೇ ಸಂಜೆ ಜುಮ್ ಹೋಯಿತು, ಗುಂಯ್ ಕೂಡ ಹೋಯಿತು.

ಕೊಳ್ಳುವವರಿಗೆ ಇನ್ನೆರಡು ಮಾತು. ಮಾಡ್ಯುಲರ್, ಅಂದರೆ ಕೇಬಲ್ ಬಿಚ್ಚಿ ಹಾಕಲು ಬರುವ ಎಸ್‌ಎಂಪಿಎಸ್ ಕೊಂಡರೆ ಅದರ ಬಾಕ್ಸ್‌ನಲ್ಲಿ ಬಂದ ಕೇಬಲ್‌ಗಳನ್ನೇ ಹಾಕಿ. ಇನ್ನೊಂದು ಕಂಪನಿಯ ಕೇಬಲ್ ಸರಿಯಾಗಿ ಕೂತರೂ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಹಾರ್ಡ್‌ಡಿಸ್ಕ್ ಅಲ್ಲಿಗೆ ಮುಗಿಯಿತು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ನನ್ನದಕ್ಕೆ ಹತ್ತು ವರ್ಷದ ವಾರಂಟಿ ಇದೆ, ಬಿಲ್ ಹಾಳಾದರೆ ಅದು ಇದ್ದೂ ಇಲ್ಲದ ಹಾಗೆ, ಅದಕ್ಕೆ ಫೋಟೋ ತೆಗೆದು ಇಟ್ಟಿದ್ದೇನೆ. ಬೆಂಗಳೂರಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು, ಎಂಟು ಸಾವಿರದ ಹತ್ತಿರ ಆಯಿತು. ಹಳೆಯದರ ಬೆಲೆ ಸಾವಿರದ ಒಳಗೇ ಇತ್ತು ಅಂತ ಮನೆಯಲ್ಲಿ ಮಾತು ಬಂತು. ಅದರ ಮೇಲೆ ಅರವತ್ತು ಸಾವಿರದ ಕಂಪ್ಯೂಟರ್ ನಿಂತಿತ್ತು ಅಂತ ಹೇಳಿದೆ.

ಕೂರಿಸುವಾಗ ಫ್ಯಾನ್ ಕೆಳಮುಖ ಮಾಡಿದೆ. ನಮ್ಮ ಕ್ಯಾಬಿನೆಟ್ ಅಡಿಯಲ್ಲಿ ಜಾಳಿಗೆ ಇದೆ, ತಂಪು ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಳ್ಳುತ್ತದೆ. ಆ ಜಾಳಿಗೆಯಲ್ಲಿ ನಮ್ಮ ಊರ ಧೂಳು ಎರಡೇ ವಾರಕ್ಕೆ ಕಂಬಳಿಯ ಹಾಗೆ ಕೂರುತ್ತದೆ. ಕ್ಯಾಬಿನೆಟ್ ನೆಲದಿಂದ ಒಂದು ಗೇಣು ಮೇಲೆ ಇಟ್ಟಿದ್ದೇನೆ, ಹದಿನೈದು ದಿನಕ್ಕೊಮ್ಮೆ ಜಾಳಿಗೆ ತೊಳೆಯುತ್ತೇನೆ.

ಅರ್ಧಕ್ಕೆ ನಿಂತ ಪದವನ್ನೇ ಮೊದಲು ಹಾಡಿಸಿದೆ. ಈ ಸಲ ನುಡಿ ನುಡಿಗಳ ನಡುವೆ ಕೇಳಿದ್ದು ಅವ್ವನ ಉಸಿರು, ತೊಡೆಯ ಮೇಲೆ ತಾಳ ಹಾಕುವಾಗ ಅಲುಗುವ ಬಳೆ, ಒಂದು ಸಲ ಗೋಡೆಯ ಹಲ್ಲಿ. ಹನ್ನೊಂದು ನುಡಿ ಬಂತು. ಇನ್ನೂ ಎರಡು ಇವೆ, ಅವು ಚಿಗವ್ವನಿಗೆ ಗೊತ್ತು ಅಂದಳು. ಚಿಗವ್ವ ಬರುವ ವಾರ ಬರುತ್ತಾಳೆ. ಮಿರಗ ಇನ್ನೂ ಕೂಡಿಲ್ಲ, ಮಣ್ಣು ಒಣಗಿದೆ, ಅವಳು ಬರುವಷ್ಟರಲ್ಲಿ ಹಿತ್ತಲ ಗುಂಡಿಗೆ ಎರಡು ಕೊಡ ನೀರು ಹಾಕಬೇಕು.